ಓದುಗರ ಪ್ರಶ್ನೆ: ಮಿಲಿಟರಿ ಆಫೀಸರ್ ಟೋಪಿ ಕೊಳ್ಳೋದು, ಹಾಕ್ಕೊಳ್ಳೋದು, ಕಾಪಾಡೋದು

ಈ ಸಲ ಬಂದ ಪತ್ರಗಳಲ್ಲಿ ಫೌಜಿ ಟೋಪಿ ಬಗ್ಗೆನೇ ಜಾಸ್ತಿ ಇದ್ವು, ಹಾಗಾಗಿ ಬೇರೆ ವಿಷಯ ಎಲ್ಲಾ ಮುಂದಿನ ಸಂಚಿಕೆಗೆ. ಪುಣೆ ಅಂದ್ಮೇಲೆ ಖಡಕವಾಸ್ಲಾದಲ್ಲಿ ಕೆಡೆಟ್‌ಗಳ ಎನ್‌ಡಿಎ, ಖಡಕಿಯಲ್ಲಿ ಸೇನೆ ಇಂಜಿನಿಯರ್‌ಗಳ ಬಾಂಬೆ ಸ್ಯಾಪರ್ಸ್, ವಾನವಡಿಯಲ್ಲಿ ಸೇನೆಯ ಮೆಡಿಕಲ್ ಕಾಲೇಜು ಎಎಫ್‌ಎಂಸಿ, ಕ್ಯಾಂಪ್ ಕಡೆ ಸೇನೆಯ ಸದರ್ನ್ ಕಮಾಂಡ್, ಇದೆಲ್ಲದರ ಮಧ್ಯೆ ಇರೋ ನಮ್ಮ ಕನ್ನಡದ ಮನೆಗಳಿಗೆ ಇಂಥ ಪ್ರಶ್ನೆ ಬರೋದು ಸಹಜಾನೇ. ನಾನು ಸರ್ವೀಸಲ್ಲಿ ಸ್ಟೋರ್ ಕಡೆ ಇದ್ದವನು, ಟೋಪಿ ಕೈಗೆ ಬಂದ್ರೆ ಮೊದಲು ತಿರುಗಿಸಿ ಒಳಗಡೆ ನೋಡೋ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಪ್ರಶ್ನೆ: ನಮ್ಮ ಮಗ ಡೆಹ್ರಾಡೂನ್ ಐಎಂಎಯಲ್ಲಿ (ಇಂಡಿಯನ್ ಮಿಲಿಟರಿ ಅಕಾಡೆಮಿ) ಇದ್ದಾನೆ, ಸದ್ಯದಲ್ಲೇ ಲೆಫ್ಟಿನೆಂಟ್ ಆಗ್ತಾನೆ. ಕ್ಯಾಂಪಲ್ಲಿ ಒಳ್ಳೆ ಪೀಕ್ ಕ್ಯಾಪ್ (ಮುಂದೆ ಗಟ್ಟಿ ಅಂಚಿರೋ ಗುಂಡು ಟೋಪಿ), ಬೆರೆಟ್ (ಒಂದು ಕಡೆಗೆ ವಾಲೋ ಮೆತ್ತನೆ ಟೋಪಿ) ಎರಡೂ ಮಾಡಿಸಿ ಸರ್ಪ್ರೈಸ್ ಕೊಡಬೇಕು ಅಂತ ಅವರಪ್ಪನ ಆಸೆ. ಹೇಗೆ ನೋಡಿ ತಗೋಬೇಕು? (ಒಬ್ಬ ತಾಯಿ, ಕೋಥ್ರುಡ್)

ಅಕ್ಕಾ, ಮೊದಲು ನಿಮಗೂ ಅವರಪ್ಪಂಗೂ ಅಭಿನಂದನೆ. ಆದ್ರೆ ಟೋಪಿ ಸರ್ಪ್ರೈಸ್ ಮಾತ್ರ ಬೇಡ. ಮಗನಿಗೆ ಯಾವ ರೆಜಿಮೆಂಟು ಅಥವಾ ಯಾವ ಕೋರು ಅಂತ ಗೊತ್ತಾಗೋ ತನಕ ಟೋಪಿನೇ ನಿರ್ಧಾರ ಆಗಲ್ಲ. ಪ್ಯಾರಾದವರಿಗೆ (ಪ್ಯಾರಾಚೂಟ್ ರೆಜಿಮೆಂಟು) ಮೆರೂನ್ ಬೆರೆಟ್, ಟ್ಯಾಂಕಿನವರಿಗೆ ಕಪ್ಪು, ಇನ್‌ಫೆಂಟ್ರಿ ರೆಜಿಮೆಂಟುಗಳಲ್ಲಿ ಹೆಚ್ಚಿನವರಿಗೆ ಕಡು ಹಸಿರು, ಆರ್ಟಿಲರಿ, ಇಂಜಿನಿಯರ್ಸ್, ಸಿಗ್ನಲ್ಸ್ ಇವರಿಗೆ ನೇವಿ ಬ್ಲೂ, ಗೋರ್ಖಾ ರೈಫಲ್ಸ್ ಸಿಕ್ತು ಅಂದ್ರೆ ಅಗಲ ಅಂಚಿನ ಗೋರ್ಖಾ ಹ್ಯಾಟು ಬೇರೆ ಬೇಕು, ಅದನ್ನ ಬಲಕ್ಕೆ ವಾಲಿಸಿ, ಪಟ್ಟಿಯನ್ನ ಗದ್ದದ ಕೆಳಗಲ್ಲ, ಕೆಳದುಟಿ ಕೆಳಗೆ ಬರೋ ಹಾಗೆ ಹಾಕ್ತಾರೆ, ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ಅವರ ಫೋಟೋಗಳಲ್ಲಿ ನೋಡಿರ್ತೀರಲ್ಲ ಅದೇ. ಸಿಖ್ ಹುಡುಗ ಆಗಿದ್ರೆ ಇದೇ ಬಣ್ಣದ ಲೆಕ್ಕ ಪಗಡಿಗೆ ಹೋಗತ್ತೆ. ಹೀಗಿರುವಾಗ ನೀವು ಮೊದಲೇ ಹಸಿರು ತಂದಿಟ್ಟು ಅವನಿಗೆ ಕಪ್ಪು ಸಿಕ್ರೆ ಏನ್ಮಾಡ್ತೀರಿ. ಬ್ಯಾಡ್ಜೂ ಅಷ್ಟೇ, ಅದು ಸೇರೋ ರೆಜಿಮೆಂಟಿಂದು.

ಇನ್ನೊಂದು, ಅಕಾಡೆಮಿಯಲ್ಲೇ ಕೋರ್ಸಿನ ಕೊನೇಲಿ ಅಳತೆ ತಗೊಂಡು ಯೂನಿಫಾರ್ಮ್ ಹೊಲಿಯೋ ಏರ್ಪಾಟು ಇರತ್ತೆ, ಜೊತೆಗೆ ಆಫೀಸರಿಗೆ ಬಟ್ಟೆ ಖರ್ಚಿಗೆ ಅಂತ ಸರ್ಕಾರ ಡ್ರೆಸ್ ಅಲೊವೆನ್ಸ್ ಕೊಡತ್ತೆ, 2017ರಲ್ಲಿ ಅದು ವರ್ಷಕ್ಕೆ 20,000 ರೂಪಾಯಿ ಅಂತ ಆಯ್ತು. ಹಾಗಾಗಿ ಯೂನಿಫಾರ್ಮಿನ ಚಿಂತೆ ನೀವು ಹೊರಬೇಕಾಗಿಲ್ಲ.

ಆಸೆ ಪಟ್ಟಿದ್ದಕ್ಕೆ ಒಂದು ಕೆಲಸ ಹೇಳ್ತೀನಿ. ಒಳ್ಳೆ ಗಟ್ಟಿ ಹ್ಯಾಟ್ ಬಾಕ್ಸ್ ಒಂದು, ಮೆತ್ತನೆ ಕೂದಲಿನ ಬ್ರಷ್ ಒಂದು ಕೊಡಿ. ಎರಡು ಮೂರು ವರ್ಷಕ್ಕೊಂದು ಪೋಸ್ಟಿಂಗು, ರೈಲಲ್ಲಿ ಟ್ರಂಕಿನ ಅಡಿ ಸಿಕ್ಕಿ ಪೀಕ್ ಕ್ಯಾಪಿನ ಒಳಗಿರೋ ಗುಂಡು ವೈರು ಸೊಟ್ಟ ಆಗೋದೇ ಜಾಸ್ತಿ, ಬಾಕ್ಸ್ ಇದ್ದವನ ಕ್ಯಾಪ್ ಮಾತ್ರ ಗುಂಡಗೆ ಉಳಿಯತ್ತೆ. ಅಳತೆ ಕೇಳಿದ್ರೆ ಟೇಪು ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು, ಕಿವಿ ಮೇಲಿಂದ, ತಲೆ ಹಿಂದೆ ಉಬ್ಬಿರೋ ಕಡೆ ಸುತ್ತಿ ತಗೋಬೇಕು, ಅದೂ ಕಟಿಂಗ್ ಮಾಡಿಸಿದ ಮೇಲೆ. ರಜೆಗೆ ಬಂದಾಗ ಬೆಳೆದ ಕೂದಲಲ್ಲಿ ಅಳತೆ ಕೊಟ್ರೆ ಆಮೇಲೆ ಟೋಪಿ ಕಿವಿಗೆ ಇಳಿಯತ್ತೆ. 57 ಸೆಂಟಿಮೀಟರ್ ಅಂದ್ರೆ ಬ್ರಿಟಿಷ್ ಲೆಕ್ಕದಲ್ಲಿ 7 ನಂಬರು, ಹಳೇ ಅಂಗಡಿಗಳಲ್ಲಿ ಇವತ್ತಿಗೂ ಆ ನಂಬರ್ ಹೇಳೋರು ಇದ್ದಾರೆ.

ಪಾಸಿಂಗ್ ಔಟ್ ಪರೇಡ್ ಆದ್ಮೇಲೆ ಪಿಪ್ಪಿಂಗ್ ಅಂತ ಮಾಡ್ತಾರೆ, ಮಗನ ಹೆಗಲ ಮೇಲೆ ಸ್ಟಾರ್ ಹಾಕೋದು ನೀವಿಬ್ರೇ. ಅದಕ್ಕಿಂತ ದೊಡ್ಡ ಸರ್ಪ್ರೈಸ್ ಬೇರೆ ಬೇಕಾಗಿಲ್ಲ, ಡೆಹ್ರಾಡೂನಿಗೆ ಟಿಕೆಟ್ ಬೇಗ ಮಾಡಿಸಿಡಿ.

ಪ್ರಶ್ನೆ: ನಾನು ಕಾಲೇಜಲ್ಲಿ ಎನ್‌ಸಿಸಿ ಕೆಡೆಟ್. ಹೊಸ ಬೆರೆಟ್ ತಲೆ ಮೇಲೆ ದೋಸೆ ಇಟ್ಟ ಹಾಗೆ ಅಗಲಕ್ಕೆ ಕೂರತ್ತೆ, ಸೀನಿಯರ್‌ಗಳದ್ದು ಮಾತ್ರ ನೀಟಾಗಿ ತಲೆಗೆ ಅಂಟಿರತ್ತೆ. ಏನು ಮಾಡ್ಬೇಕು ಅಂಕಲ್? (ವಿದ್ಯಾರ್ಥಿನಿ, ಶಿವಾಜಿನಗರ)

ಮಗಳೇ, ಹೊಸ ಬೆರೆಟ್ ಎಲ್ಲರದ್ದೂ ಹಾಗೇ ಇರತ್ತೆ, ಅದನ್ನ ತಲೆಗೆ ಒಗ್ಗಿಸಬೇಕು. ಮೊದಲು ಅದು ಉಣ್ಣೆದಾ ನೋಡು. ಪಾಲಿಸ್ಟರ್ ಬೆರೆಟ್ ಆದ್ರೆ ಏನೇ ಮಾಡಿದ್ರೂ ಕೂರಲ್ಲ, ದುಡ್ಡು ಹೋದ್ರೆ ಹೋಯ್ತು ಅಂತ ಬದಲಾಯಿಸೋದೇ ಸರಿ. ಉಣ್ಣೆದಾದ್ರೆ ಉಗುರು ಬೆಚ್ಚಗಿನ ನೀರಲ್ಲಿ ಅದ್ದು, ಬಿಸಿ ನೀರು ಬೇಡವೇ ಬೇಡ ಕುಗ್ಗಿ ಹೋಗತ್ತೆ, ಕೆಳಗಿನ ಚರ್ಮದ ಪಟ್ಟಿ ಆದಷ್ಟು ನೆನೀದೇ ಇರೋ ಹಾಗೆ ನೋಡ್ಕೋ. ತೆಗೆದು ಬಟ್ಟೆ ಹಿಂಡೋ ಹಾಗೆ ತಿರುಚಬೇಡ, ಟವೆಲಲ್ಲಿ ಸುತ್ತಿ ಒತ್ತು. ಆಮೇಲೆ ತಲೆಗೆ ಹಾಕ್ಕೊಂಡು ಬ್ಯಾಡ್ಜ್ ಬರೋ ಜಾಗ ಎಡಗಣ್ಣಿನ ನೇರಕ್ಕೆ ತಂದು, ಪಟ್ಟಿ ಹುಬ್ಬಿನ ಮೇಲೆ ಒಂದು ಬೆರಳು ಜಾಗ ಬಿಟ್ಟು ಸುತ್ತಲೂ ಒಂದೇ ಮಟ್ಟಕ್ಕೆ ಕೂರಿಸಿ, ಉಳಿದ ಬಟ್ಟೆ ಎಲ್ಲಾ ಬಲಗಡೆ ಕಿವಿ ಕಡೆಗೆ ಎಳೆದು ಅಂಗೈಯಲ್ಲಿ ಸವರ್ತಾ ಇರು. ಅರ್ಧ ಒಣಗೋ ತನಕ ತಲೆ ಮೇಲೇ ಇರ್ಲಿ, ಕೂತು ಓದ್ಕೋ ಬೇಕಾದ್ರೆ. ಆಮೇಲೆ ಆಕಾರ ಕೆಡದೇ ತೆಗೆದು ನೆರಳಲ್ಲಿಡು, ಬಿಸಿಲಿಗೆ ಬೇಡ, ಹೇರ್ ಡ್ರೈಯರೂ ಬೇಡ. ಒಂದೇ ಸಲಕ್ಕೆ ಆಗಲ್ಲ, ಇನ್ನೂ ಎರಡು ಮೂರು ಸಲ ಮಾಡಿದ್ರೆ ಕೂತ್ಕೊಳ್ಳತ್ತೆ.

ಹಿಂದಿನ ದಾರ ನಿನ್ನ ತಲೆ ಅಳತೆಗೆ ಎಳೆದು ಗಂಟು ಹಾಕಿ ಒಳಗೆ ಸೇರಿಸ್ಬಿಡು, ಕುತ್ತಿಗೆ ಮೇಲೆ ಬಾಲ ನೇತಾಡೋದು ನೋಡೋಕೆ ಚೆನ್ನಾಗಿರಲ್ಲ. ಜುಟ್ಟು ಮೇಲಕ್ಕೆ ಕಟ್ಟಿದ್ರೆ ಟೋಪಿ ಹಿಂದೆ ಎತ್ತತ್ತೆ, ಕೆಳಗೆ ಕುತ್ತಿಗೆ ಹತ್ರ ಬನ್ ಕಟ್ಟು. ಬೆರೆಟ್ ಮಡಚಿ ಜೇಬಿಗೆ ತುರುಕೋದು ಬಿಟ್ಬಿಡು, ಅಷ್ಟು ಕಷ್ಟಪಟ್ಟು ತಂದ ಆಕಾರ ಒಂದೇ ಬಸ್ ಪ್ರಯಾಣದಲ್ಲಿ ಹೋಗತ್ತೆ.

ಪ್ರಶ್ನೆ: ನಮ್ಮ ಊರು ಮಡಿಕೇರಿ ಹತ್ರ. ಮನೆ ರಿಪೇರಿ ಮಾಡಿಸುವಾಗ ಟ್ರಂಕಲ್ಲಿ ತಾತನ ಪೀಕ್ ಕ್ಯಾಪ್ ಸಿಕ್ತು, ಪುಣೆಗೆ ತಂದಿದೀನಿ. ಬ್ಯಾಡ್ಜಲ್ಲಿ ಕಿರೀಟ ಇದೆ. ಇದು ಯಾವ ಕಾಲದ್ದು, ಇಲ್ಲಿಯ ಮಳೇಲಿ ಹೇಗೆ ಇಟ್ಕೊಳ್ಳೋದು, ರಾಜ್ಯೋತ್ಸವದ ದಿನ ಹಾಕ್ಕೊಂಡು ಹೋಗಬಹುದಾ? (ಔಂಧ್ ಓದುಗರು)

ನಿಮ್ಮ ಪತ್ರ ಓದಿ ತುಂಬಾ ಖುಷಿ ಆಯ್ತು. ಕಾರ್ಯಪ್ಪ, ತಿಮ್ಮಯ್ಯ ಇಬ್ಬರನ್ನೂ ಕೊಟ್ಟ ಜಿಲ್ಲೆಯಲ್ಲಿ ಇಂಥ ಟ್ರಂಕು ಇನ್ನೂ ಎಷ್ಟು ಮನೆ ಅಟ್ಟದ ಮೇಲಿವೆಯೋ. ಕಿರೀಟದಿಂದ ಕಾಲ ಹೇಳೋದು ಸುಲಭ. 1950ರ ಜನವರಿ 26ಕ್ಕೆ ನಾವು ಗಣರಾಜ್ಯ ಆದ್ಮೇಲೆ ನಮ್ಮ ಸೈನ್ಯದಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು, ಹಾಗಾಗಿ ನಿಮ್ಮ ತಾತನ ಬ್ಯಾಡ್ಜ್ ಅದಕ್ಕಿಂತ ಮುಂಚಿನದು. ಒಳಗಿನ ಚರ್ಮದ ಪಟ್ಟಿನ ಮೆತ್ತಗೆ ಮಗುಚಿ ನೋಡಿ, ಅಂಗಡಿ ಹೆಸರೋ, ಸೈಜೋ, ಕೆಲವು ಸಲ ಇಂಕಲ್ಲಿ ಬರೆದ ಹೆಸರೋ ಸಿಗತ್ತೆ. ಸಿಕ್ಕಿದ್ದನ್ನೆಲ್ಲಾ ಫೋಟೋ ತೆಗೆದಿಡಿ, ಪಟ್ಟಿ ಒಣಗಿದ್ರೆ ಇನ್ನೊಂದು ಸಲ ಮಗುಚಿದಾಗ ಮುರೀಬಹುದು. ರಜೆಗೆ ಊರಿಗೆ ಹೋದಾಗ ಮಡಿಕೇರಿಯ ತಿಮ್ಮಯ್ಯನವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ, ಅಲ್ಲಿ ಹೋಗಿ ಆ ಕಾಲದ ವಸ್ತುಗಳನ್ನ ನಿಧಾನಕ್ಕೆ ನೋಡಿ ಬನ್ನಿ, ನಿಮ್ಮ ಕೈಲಿರೋದು ಏನು ಅಂತ ಇನ್ನೂ ಚೆನ್ನಾಗಿ ಗೊತ್ತಾಗತ್ತೆ.

ಈಗ ಮುಖ್ಯ ವಿಷಯ, ದಯವಿಟ್ಟು ಬ್ಯಾಡ್ಜಿಗೆ ಬ್ರಾಸೋ (ಹಿತ್ತಾಳೆ ಪಾಲಿಶ್) ಹಾಕಿ ಉಜ್ಜಬೇಡಿ. ಮನೆಗೆ ನೆಂಟರು ಬರ್ತಾರೆ ಅಂತ ಯಾರೋ ಒಬ್ರು ಕೂತು ಫಳಫಳ ಅನ್ನಿಸಿಬಿಡ್ತಾರೆ, ಎಪ್ಪತ್ತು ಎಂಬತ್ತು ವರ್ಷದ ಮಾಸಲು ಬಣ್ಣ ಒಂದು ಮಧ್ಯಾಹ್ನದಲ್ಲಿ ಹೋಗತ್ತೆ, ಬ್ರಾಸೋದ ಬಿಳಿ ಪುಡಿ ಸಂದಿಯಲ್ಲಿ ಕೂತು ಬಟ್ಟೆಗೂ ಕಲೆ ಆಗತ್ತೆ. ಒಣ ಬ್ರಷ್ಷಲ್ಲಿ ಧೂಳು ತೆಗೀರಿ ಸಾಕು. ಜರಿ ಕೆಲಸ ಇದ್ರೆ ಅದಕ್ಕೆ ನೀರೂ ತಾಗಿಸಬೇಡಿ.

ಪುಣೆಯಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಬೂಷ್ಟು ಹಿಡಿಯೋ ಕಾಲ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡೋದು ಎಲ್ಲದಕ್ಕಿಂತ ಕೆಟ್ಟದ್ದು, ಒಳಗಿನ ತೇವ ಒಳಗೇ ಉಳಿಯತ್ತೆ. ಹಳೇ ಬಿಳಿ ಹತ್ತಿ ಪಂಚೆ ಒಗೆದು ಒಣಗಿಸಿ ಅದನ್ನೇ ಉಂಡೆ ಮಾಡಿ ಟೋಪಿ ಒಳಗೆ ತುಂಬಿ, ಮೇಲೆ ಇನ್ನೊಂದು ತುಂಡು ಮುಚ್ಚಿ, ರಟ್ಟಿನ ಪೆಟ್ಟಿಗೇಲಿ ಇಡಿ, ಜೊತೆಗೆ ಸಿಲಿಕಾ ಜೆಲ್ ಪುಡಿಕೆ ನಾಲ್ಕೈದು. ಉಣ್ಣೆ ಬಟ್ಟೆ ಅಂದ್ರೆ ನುಸಿಗೆ ಹಬ್ಬ, ನುಸಿಗುಳಿಗೆ ಇಡೋದಾದ್ರೆ ಬಟ್ಟೆಲಿ ಕಟ್ಟಿ ಮೂಲೇಲಿಡಿ, ಬ್ಯಾಡ್ಜಿಗೂ ಚರ್ಮಕ್ಕೂ ತಾಗಬಾರದು. ಮಳೆ ಮುಗಿದ ಮೇಲೆ ಒಂದು ದಿನ ಹೊರಗೆ ತೆಗೆದು ನೆರಳು ಗಾಳಿ ತೋರಿಸಿ.

ರಾಜ್ಯೋತ್ಸವಕ್ಕೆ ಹಾಕ್ಕೊಂಡು ಹೋಗೋದು ನನಗೆ ಸರಿ ಕಾಣಲ್ಲ. ಕಾನೂನಿಗಿಂತ ಮೊದಲು, ಆ ಟೋಪಿ ಬೆವರು ತಡೆಯೋ ವಯಸ್ಸಲ್ಲಿ ಇಲ್ಲ. ಮತ್ತೆ ಅದರ ಮೇಲಿನ ಬ್ಯಾಡ್ಜ್ ತಾತ ದುಡಿದು ಹಾಕ್ಕೊಂಡಿದ್ದು. ಟೇಬಲ್ ಮೇಲೆ ಅವರ ಫೋಟೋ ಜೊತೆ ಇಟ್ಟು, ಅವರ ಹೆಸರು, ರೆಜಿಮೆಂಟು, ಯಾವ ಯಾವ ಕಡೆ ಇದ್ರು ಅಂತ ಒಂದು ಕಾಗದದಲ್ಲಿ ಬರೆದಿಡಿ, ಬಂದ ಮಕ್ಕಳು ನಿಂತು ಓದ್ತಾರೆ. ತಾತನ ಮೆಡಲ್ ಇದ್ರೆ ಮನೆಯವರು ಸ್ಮರಣೆಯ ದಿನಗಳಲ್ಲಿ ಬಲಗಡೆ ಎದೆ ಮೇಲೆ ಹಾಕ್ಕೊಳ್ಳೋ ಪದ್ಧತಿ ಇದೆ, ಎಡಗಡೆ ಗಳಿಸಿದವರಿಗೆ ಮಾತ್ರ.

ಪ್ರಶ್ನೆ: ನನ್ನವರು ತೀರಿಹೋಗಿ ವರ್ಷ ಆಗ್ತಾ ಬಂತು. ಡಿಸೆಂಬರ್ 16ಕ್ಕೆ ವಾರ್ ಮೆಮೋರಿಯಲ್‌ಗೆ ಕರೆದಿದ್ದಾರೆ. ಅವರ ಬೆರೆಟ್ ಹಾಕ್ಕೊಂಡು ಹೋಗ್ಬೇಕು ಅಂತ ಮನಸ್ಸು. ಜನ ಏನಂತಾರೋ. ಅಲ್ಲಿ ಸೆಲ್ಯೂಟ್ ಮಾಡಬೇಕಾ? (ವಾನವಡಿ)

ಅಮ್ಮಾ, ಜನ ಏನೂ ಅನ್ನಲ್ಲ. ಮೇಲೆ ಹೇಳಿದ ಹಾಗೆ ಅವರ ಮೆಡಲ್‌ಗಳನ್ನ ನಿಮ್ಮ ಸೀರೆ ಮೇಲೆ ಬಲಗಡೆ ಹಾಕ್ಕೊಳ್ಳಿ, ಸೆರಗು ಎಡ ಹೆಗಲ ಮೇಲೆ ಇರೋದರಿಂದ ಬಲಗಡೆ ಚೆನ್ನಾಗಿ ಕಾಣತ್ತೆ, ಭಾರ ಆದ್ರೆ ಒಳಗಡೆಯಿಂದ ಒಂದು ದಪ್ಪ ಬಟ್ಟೆ ಕೊಟ್ಟು ಪಿನ್ ಮಾಡಿ. ಬೆರೆಟ್ ಕೈಯಲ್ಲಿ ಹಿಡ್ಕೊಂಡು ಹೋಗಿ, ನನ್ನ ಅಭಿಪ್ರಾಯ ಕೇಳಿದ್ರೆ ತಲೆ ಮೇಲಿಗಿಂತ ಕೈಯಲ್ಲೇ ಅದು ಅವರದ್ದು ಅಂತ ಎಲ್ಲರಿಗೂ ತಿಳಿಯತ್ತೆ. ರಿಟೈರ್ ಆದ ಅವರ ಜೊತೆಯವರು ಬ್ಲೇಜರ್ ಮೇಲೆ ಮೆಡಲ್, ತಲೆಗೆ ಅದೇ ಬಣ್ಣದ ಬೆರೆಟ್ ಹಾಕ್ಕೊಂಡು ಬಂದಿರ್ತಾರೆ, ಅವರ ಪಕ್ಕ ನಿಂತ್ಕೊಳ್ಳಿ. ಸೆಲ್ಯೂಟ್ ಮಾಡಬೇಕಾ ಅಂತಾನೂ ಕೇಳಿದೀರಿ, ಬೇಕಾಗಿಲ್ಲ, ನಮ್ಮಲ್ಲಿ ಟೋಪಿ ಇಲ್ಲದ ಸಿಪಾಯಿ ಕೂಡ ಕೈಯೆತ್ತಿ ಸೆಲ್ಯೂಟ್ ಮಾಡಲ್ಲ, ಸಾವಧಾನ್ ನಿಲ್ತಾನೆ. ಕೈ ಮುಗೀರಿ ಸಾಕು.

ಪ್ರಶ್ನೆ: ನಮ್ಮ ತಂಡ ಕಾರ್ಯಪ್ಪನವರ ಮೇಲೆ ಒಂದು ಸಣ್ಣ ನಾಟಕ ಆಡ್ತಿದೆ. ಜನರಲ್ ಟೋಪಿ ಎಲ್ಲಿ ಸಿಗತ್ತೆ? ಹಾಕಿದ್ರೆ ಪೊಲೀಸ್ ಕೇಸ್ ಆಗತ್ತೆ ಅಂತ ಒಬ್ರು ಹೆದರಿಸಿದ್ದಾರೆ. (ನಾಟಕದ ಹುಡುಗರು, ಪಿಂಪ್ರಿ)

ಹೆದರಬೇಡಿ, ಆದ್ರೆ ತಿಳ್ಕೊಂಡು ಮಾಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ, ಅದರ 168ನೇ ಕಲಂ ಪ್ರಕಾರ ಸೈನಿಕ ಅಲ್ಲದವನು ತಾನು ಸೈನಿಕ ಅಂತ ಜನ ನಂಬಲಿ ಅನ್ನೋ ಉದ್ದೇಶದಿಂದ ಆ ಉಡುಪೋ ಗುರುತೋ ಧರಿಸಿದ್ರೆ ಮೂರು ತಿಂಗಳ ತನಕ ಜೈಲು ಅಥವಾ 2,000 ರೂಪಾಯಿ ತನಕ ದಂಡ ಅಥವಾ ಎರಡೂ. ಹಳೇ ಐಪಿಸಿಯಲ್ಲಿ ಇದು 140ನೇ ಕಲಂ ಆಗಿತ್ತು, ದಂಡ ಆಗ 500. ಇಲ್ಲಿ ನಂಬಿಸೋ ಉದ್ದೇಶ ಅನ್ನೋದೇ ಮುಖ್ಯ. ಸ್ಟೇಜ್ ಮೇಲೆ ನೀವು ಪಾತ್ರ ಮಾಡ್ತಿದೀರಿ ಅಂತ ಕೂತವರಿಗೆಲ್ಲಾ ಗೊತ್ತು, ಅಲ್ಲಿ ಯಾರನ್ನೂ ಮೋಸ ಮಾಡ್ತಿಲ್ಲ. ಅದೇ ಡ್ರೆಸ್ಸಲ್ಲಿ ಸ್ಕೂಟರ್ ಹತ್ತಿ ಕ್ಯಾಂಟೋನ್ಮೆಂಟ್ ರೋಡಲ್ಲಿ ಹೋದ್ರೆ ಮಾತ್ರ ಮಿಲಿಟರಿ ಪೊಲೀಸ್ ನಿಲ್ಲಿಸಿ ಕೇಳ್ತಾನೆ, ಕೇಳಲೇಬೇಕು, ಅದು ಅವನ ಡ್ಯೂಟಿ. ಗ್ರೀನ್ ರೂಮಲ್ಲೇ ಹಾಕಿ ಅಲ್ಲೇ ಬಿಚ್ಚಿ, ಟೋಪಿ ಬ್ಯಾಗಲ್ಲಿ ಹೋಗ್ಲಿ.

ಟೋಪಿಗೆ ನಾಟಕದ ಡ್ರೆಸ್ ಬಾಡಿಗೆ ಕೊಡೋರ ಹತ್ರಾನೇ ಹೋಗಿ, ಅಸಲಿ ಹುಡುಕ್ಕೊಂಡು ಮಿಲಿಟರಿ ಟೈಲರ್‌ಗಳ ಹತ್ರ ಹೋಗಿ ಅವರಿಗೆ ಮುಜುಗರ ಮಾಡಬೇಡಿ. ಖಾಕಿ ಪೀಕ್ ಕ್ಯಾಪು, ಸುತ್ತ ಕೆಂಪು ಪಟ್ಟಿ. ಈಗ ಒಂದು ಸಂಗತಿ ದಯವಿಟ್ಟು ಗಮನಿಸಿ, ಕಾರ್ಯಪ್ಪನವರು ಬ್ರಿಟಿಷ್ ಜನರಲ್ ಬುಚರ್ ಕೈಯಿಂದ ಸೇನೆ ವಹಿಸ್ಕೊಂಡಿದ್ದು 1949ರ ಜನವರಿ 15ಕ್ಕೆ, ಅದೇ ದಿನಾನ ನಾವು ಇವತ್ತಿಗೂ ಆರ್ಮಿ ಡೇ ಅಂತ ಆಚರಿಸ್ತೀವಿ. ಆಗ ಇನ್ನೂ ಗಣರಾಜ್ಯ ಆಗಿರ್ಲಿಲ್ಲ, ಬ್ಯಾಡ್ಜಲ್ಲಿ ಕಿರೀಟಾನೇ ಇತ್ತು. ಆ ದೃಶ್ಯದಲ್ಲಿ ಅಶೋಕ ಸಿಂಹ ಹಾಕಿದ್ರೆ ತಪ್ಪು, 1950ರ ನಂತರದ ದೃಶ್ಯಕ್ಕೆ ಸಿಂಹ ಬರ್ಲಿ. ಅವರು ರಿಟೈರ್ ಆಗಿದ್ದು 1953ರಲ್ಲಿ, ಫೀಲ್ಡ್ ಮಾರ್ಷಲ್ ಪದವಿ ಬಂದಿದ್ದು 1986ರಲ್ಲಿ, ಹಾಗಾಗಿ ಜನರಲ್ ಆಗಿದ್ದ ಕಾಲದ ದೃಶ್ಯಕ್ಕೆ ಫೀಲ್ಡ್ ಮಾರ್ಷಲ್ ಬ್ಯಾಟನ್ (ಪದವಿಯ ಕೋಲು) ಕೈಗೆ ಕೊಡಬೇಡಿ. ಬ್ಯಾಡ್ಜ್ ಬದಲಾಯಿಸೋದು ಎರಡು ನಿಮಿಷದ ಕೆಲಸ, ಆದ್ರೆ ನೋಡೋಕೆ ಬಂದ ಹಳೇ ಫೌಜಿ ಒಬ್ಬರ ಕಣ್ಣಿಗೆ ಅದು ಬಿದ್ದೇ ಬೀಳತ್ತೆ, ಈ ಹುಡುಗರು ಓದ್ಕೊಂಡು ಮಾಡಿದ್ದಾರೆ ಅಂತ ಅವರಿಗೆ ಸಂತೋಷ ಆಗತ್ತೆ.

ನಟನಿಗೂ ಹೇಳಿ, ಪೀಕು ಹುಬ್ಬಿನ ಮೇಲೆ ನೆಟ್ಟಗಿರಬೇಕು, ಹಿಂದಕ್ಕೆ ತಳ್ಳಿ ಹಣೆ ತೋರಿಸಬಾರದು. ರೂಮೊಳಗೆ ಬಂದು ಕೂರೋ ದೃಶ್ಯದಲ್ಲಿ ಟೋಪಿ ತೆಗೆದು ಎಡ ಕಂಕುಳಲ್ಲಿ ಹಿಡೀಲಿ, ತೆಗೆದ ಮೇಲೆ ಸೆಲ್ಯೂಟ್ ಹೊಡೀಬಾರದು.

ಪ್ರಶ್ನೆ: ರವಿವಾರ ಜುನಾ ಬಜಾರಲ್ಲಿ "ಬ್ರಿಟಿಷ್ ಟೈಮ್ ಇಂಡಿಯನ್ ಆಫೀಸರ್ ಕ್ಯಾಪ್" ಅಂತ ಒಂದು, ಬಿಳಿ ಸೋಲಾ ಟೋಪಿ ಒಂದು ಇಟ್ಟಿದ್ರು. ಅಸಲಿ ಅಂತ ಹೇಗೆ ಗೊತ್ತಾಗತ್ತೆ? (ಹಳೇ ವಸ್ತು ಸಂಗ್ರಹಿಸೋ ಓದುಗರು, ಹಡಪ್ಸರ್)

ಟೋಪಿ ಮತ್ತೆ ಬ್ಯಾಡ್ಜು ಎರಡನ್ನೂ ಬೇರೆ ಬೇರೆಯಾಗಿ ನೋಡಿ, ಜುನಾ ಬಜಾರಾಗ್ಲಿ ಮುಂಬೈ ಚೋರ್ ಬಜಾರಾಗ್ಲಿ ಅಸಲಿ ಟೋಪಿಗೆ ನಕಲಿ ಬ್ಯಾಡ್ಜ್ ಸಿಕ್ಕಿಸಿರೋದೇ ಜಾಸ್ತಿ. ಬ್ಯಾಡ್ಜ್ ಬಿಚ್ಚಿ ಹಿಂದೆ ತಿರುಗಿಸಿ. ಅಚ್ಚು ಒತ್ತಿ ಮಾಡಿದ್ದಾದ್ರೆ ಮುಂದಿನ ಚಿತ್ರ ಹಿಂದೆ ತಗ್ಗಾಗಿ ಕಾಣತ್ತೆ, ಗೆರೆ ಚೂಪಾಗಿರತ್ತೆ. ಎರಕ ಹೊಯ್ದ ನಕಲಿ ಆದ್ರೆ ಹಿಂದೆ ತರಿತರಿ, ಸಣ್ಣ ಸಣ್ಣ ತೂತು, ಗೆರೆ ಎಲ್ಲಾ ಕರಗಿದ ಹಾಗೆ ಮೊಂಡು. ಹಿಂದಿನ ಕೊಂಡಿಯ ಬೆಸುಗೆ ಹೊಳೀತಾ ಇದ್ರೂ ಅನುಮಾನ ಪಡಿ.

ಕಿರೀಟದ ಆಕಾರ ನೋಡಿ. 1901ರಿಂದ 1952ರ ತನಕ ರಾಜರ ಕಾಲದ ಕಿರೀಟ, ಕಮಾನು ಗುಂಡಗೆ ಮೇಲೆದ್ದಿರತ್ತೆ. ಎಲಿಜಬೆತ್ ರಾಣಿ ಬಂದ ಮೇಲೆ ನಡುವೆ ತಗ್ಗಿರೋ ಕಿರೀಟ ಬಂತು. ಅಷ್ಟೊತ್ತಿಗೆ ನಮ್ಮ ಸೈನ್ಯದಲ್ಲಿ ಕಿರೀಟನೇ ಇರ್ಲಿಲ್ಲವಲ್ಲ, ಹಾಗಾಗಿ ರಾಣಿ ಎಲಿಜಬೆತ್ ಕಿರೀಟದ ಬ್ಯಾಡ್ಜ್ ತೋರಿಸಿ ಇಂಡಿಯನ್ ಆರ್ಮಿ ಅಂದ್ರೆ ನಮಸ್ಕಾರ ಹೇಳಿ ಮುಂದೆ ಹೋಗಿ. ಟೋಪಿ ಒಳಗೆ ಬೆವರಿನ ಕಲೆ, ಚರ್ಮದ ಸವೆತ, ಪೀಕಿನ ಅಂಚಲ್ಲಿ ಬೆರಳು ಹಿಡಿದ ಗುರುತು ಇವೆಲ್ಲಾ ಒಂದಕ್ಕೊಂದು ಹೊಂದಬೇಕು, ಹೊರಗೆ ಹಳೇದಾಗಿ ಒಳಗಿನ ಲೈನಿಂಗ್ ಹೊಸದಾಗಿದ್ರೆ ಬೇಡ.

ಸೋಲಾ ಟೋಪಿ ಅಂದ್ರೆ ಬೆಂಡಿನ ಟೋಪಿ, ಜೌಗಲ್ಲಿ ಬೆಳೆಯೋ ಗಿಡದ ಬೆಂಡಿಂದ ಮಾಡಿ ಮೇಲೆ ಬಟ್ಟೆ ಅಂಟಿಸಿರ್ತಾರೆ. ಅಸಲಿ ಆದ್ರೆ ಕೈಗೆತ್ತಿದಾಗ ಇದೆಯೋ ಇಲ್ವೋ ಅನ್ನೋಷ್ಟು ಹಗುರ. ಭಾರ ಇದ್ರೆ ರಟ್ಟಿಂದೋ ಬೇರೆ ಯಾವುದರದ್ದೋ. ನೀರು ಬಿದ್ರೆ ಬೆಂಡು ಕೆಡತ್ತೆ, ಅದಕ್ಕೆ ಮಳೆಗಾಲದಲ್ಲಿ ಟಾರ್ಪಾಲ್ ಕೆಳಗೆ ಇಟ್ಟಿದ್ದನ್ನ ಕೊಳ್ಳಬೇಡಿ. ಇನ್ನು ಯಾರಾದ್ರೂ ಈಗಿನ ಆಫೀಸರ್‌ಗಳ ಬ್ಯಾಡ್ಜು, ರ‍್ಯಾಂಕು ತೋರಿಸಿದ್ರೆ ಸಂಗ್ರಹಕ್ಕೆ ಅಂತಾನೂ ತಗೋಬೇಡಿ, ಅದು ಯಾರ ಕೈಗೆ ಹೋಗಿ ಏನಾಗತ್ತೆ ಹೇಳೋಕಾಗಲ್ಲ.

ಪ್ರಶ್ನೆ: ಸಿಂಹಗಡ ಟ್ರೆಕ್ಕಿಗೆ ಆರ್ಮಿ ಡಿಸೈನ್ ಕ್ಯಾಪ್ ತಗೊಂಡ್ರೆ ತಪ್ಪಾ? (ವಾಕಡ್)

ಬೇಡಪ್ಪ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ಏರ್‌ಬೇಸಿಗೆ ನುಗ್ಗಿದ ಉಗ್ರರು ಸೈನ್ಯದ ಬಟ್ಟೆಲೇ ಬಂದಿದ್ರು, ಅದಾದ ಮೇಲೆ ಸೇನೆನೇ ಸಾರ್ವಜನಿಕರಿಗೆ ಕಾಂಬ್ಯಾಟ್ ಡಿಸೈನ್ ಬಟ್ಟೆ ಹಾಕ್ಬೇಡಿ ಅಂತ ಕೇಳ್ಕೊಳ್ತು. 2022ರಲ್ಲಿ ಬಂದ ಹೊಸ ಡಿಜಿಟಲ್ ಡಿಸೈನ್ ಸೇನೆ ಹೆಸರಲ್ಲೇ ರಿಜಿಸ್ಟರ್ ಆಗಿದೆ, ಅಂಗಡಿಲಿ ಮಾರೋ ಹಾಗೇ ಇಲ್ಲ. ಬಿಸಿಲಿಗೆ ಅಗಲ ಅಂಚಿನ ಹತ್ತಿ ಹ್ಯಾಟು ಯಾವ ಬಣ್ಣದ್ದಾದ್ರೂ ತಗೋ, ಕುತ್ತಿಗೆಗೂ ನೆರಳಾಗತ್ತೆ.

ಪ್ರಶ್ನೆ: ನಮ್ಮೆಜಮಾನ್ರು ನೇವಿಯಿಂದ ರಿಟೈರ್ ಆಗಿದ್ದಾರೆ, ವಾಸ್ಕೋದಲ್ಲಿ ಇದೀವಿ. ಅವರ ಬಿಳಿ ಪೀಕ್ ಕ್ಯಾಪ್ ಹಳದಿ ಆಗಿದೆ, ಚಿನ್ನದ ಬ್ಯಾಡ್ಜ್ ಕಪ್ಪಾಗಿದೆ. (ಗೋವಾ)

ಮೇಲಿನ ಬಿಳಿ ಕವರ್ ಬಿಚ್ಚಿ ಬರೋ ತರದ್ದಾದ್ರೆ ವೈರಿಂದ ಮೆತ್ತಗೆ ತೆಗೆದು ಮೈಲ್ಡ್ ಸೋಪಿನ ನೀರಲ್ಲಿ ರಾತ್ರಿ ನೆನೆಸಿ, ಕೈಯಲ್ಲೇ ಒಗೆದು ಚೂರೇ ಚೂರು ನೀಲಿ ಹಾಕಿ ನೆರಳಲ್ಲಿ ಒಣಗಿಸಿ. ಬ್ಲೀಚ್ ಬೇಡ, ಹೊಲಿಗೆ ದಾರ ಸುಡತ್ತೆ. ಬ್ಯಾಡ್ಜ್ ಜರಿದು, ಲೋಹದ್ದಲ್ಲ, ಅದಕ್ಕೆ ಪಾಲಿಶ್ ಹಾಕಿದ್ರೆ ಕಪ್ಪು ಇನ್ನೂ ಜಾಸ್ತಿ ಆಗತ್ತೆ, ಮಕ್ಕಳ ಹಲ್ಲುಜ್ಜೋ ಮೆತ್ತನೆ ಬ್ರಷ್ಷಲ್ಲಿ ಒಣಗಿದ್ದಾಗಲೇ ತಿಕ್ಕಿ. ಪೀಕ್ ಮೇಲೆ ಜರಿ ಎಲೆ ಇದ್ರೆ, ಅಂದ್ರೆ ಅವರು ಕಮಾಂಡರ್ ಅಥವಾ ಮೇಲಿನವರಾಗಿದ್ರೆ, ಅದಕ್ಕೂ ಇದೇ. ಸಮುದ್ರದ ಉಪ್ಪು ಗಾಳಿ ಜರಿಗೆ ಆಗಲ್ಲ, ಆದ್ದರಿಂದ ಹಾಲ್‌ನ ಶೋಕೇಸಲ್ಲಿ ಇಡೋದಾದ್ರೆ ಗಾಜಿನ ಬಾಗಿಲು ಇರೋದೇ ಆಗ್ಲಿ, ಒಳಗೆ ಸಿಲಿಕಾ ಜೆಲ್ ಇಟ್ಟು ಅದನ್ನ ಆಗಾಗ ಬದಲಾಯಿಸಿ. ಅಷ್ಟಾದ್ರೂ ಕಪ್ಪು ಹೋಗದಿದ್ರೆ ಹೊಸ ಬ್ಯಾಡ್ಜ್ ಹೊಲಿಸೋಣ ಅಂತ ಅವರನ್ನೇ ಒಂದು ಮಾತು ಕೇಳಿ, ಬೇಡ ಅಂದ್ರೆ ಹಾಗೇ ಇರ್ಲಿ.